ರಕ್ತ ಜಾಸ್ತಿಯಾದರೆ ತೆಗೆಯುವುದೇ ಔಷಧ

ನಮ್ಮ ಕಡೆ ಆಸ್ಪತ್ರೆಗೆ ಹೋಗಿ ಬಂದವರ ಬಾಯಲ್ಲಿ ಹೆಚ್ಚಾಗಿ ಕೇಳುವ ಮಾತು ಒಂದೇ. "ರಕ್ತ ಕಮ್ಮಿ ಐತಂತ." ಬಸುರಿಯರಿಗೂ ಅದೇ, ಸಾಲಿ ಮಕ್ಕಳಿಗೂ ಅದೇ. ಕೆಂಪು ಮಾತ್ರೆ, ಟಾನಿಕ್ ಬಾಟಲಿ ಇಲ್ಲದ ಮನೆ ಕಡಿಮೆ. ಹಾಗಾಗಿ ಗುಳೇದಗುಡ್ಡದಲ್ಲಿ ಖಣ ನೇಯುವ ನಮ್ಮ ಕಾಕಾನಿಗೆ ಬಾಗಲಕೋಟೆಯ ಡಾಕ್ಟರು "ನಿಮಗ ರಕ್ತ ಜಾಸ್ತಿ ಆಗೇತಿ, ಸ್ವಲ್ಪ ತಗೀಬೇಕು" ಅಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಚಿಗವ್ವ ಅಂತೂ ಕಣ್ಣೀರು ಹಾಕಿದಳು. "ದುಡಿಯೋ ಮನಷ್ಯಾರೀ ಅವರು. ಇದ್ದ ರಕ್ತಾನೂ ತಗದ್ರ ಏನ್ ಉಳೀತೈತಿ?"

ಆ ಪ್ರಶ್ನೆಗೆ ಸರಿಯಾದ ಉತ್ತರ ಇದೆ. ಅವತ್ತು ನಮಗೆ ಅದು ಗೊತ್ತಿರಲಿಲ್ಲ. ಕಾಕಾನ ಜೊತೆ ಹಲವು ಸಲ ಬ್ಲಡ್ ಬ್ಯಾಂಕಿಗೆ ಓಡಾಡಿ, ಡಾಕ್ಟರನ್ನು ಕೇಳಿ ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಕಾನ ತೊಂದರೆ ಶುರುವಾಗಿದ್ದು ಬಚ್ಚಲುಮನೆಯಲ್ಲಿ. ಬಿಸಿನೀರು ಸ್ನಾನ ಮಾಡಿ ಬಂದರೆ ಸಾಕು, ಮೈಯೆಲ್ಲ ತುರಿಕೆ. ಗುಳ್ಳೆ ಇಲ್ಲ, ಕಲೆ ಇಲ್ಲ, ಬರೀ ತುರಿಕೆ. ಸಾಬೂನು ಬದಲಿಸಿದ್ದಾಯಿತು. ಅಲರ್ಜಿ ಅಂತ ಒಂದು ಕಡೆ ಮುಲಾಮು ಕೊಟ್ಟರು, ತಿಂಗಳುಗಟ್ಟಲೆ ಹಚ್ಚಿದ್ದೂ ಆಯಿತು. ಆಮೇಲೆ ತಲೆನೋವು, ತಲೆ ಭಾರ. ಮಗ್ಗದ ಕುಣಿಯಲ್ಲಿ ಕೂತು ಕಡಿದ ಎಳೆ ಜೋಡಿಸುವಾಗ ಬೆರಳ ತುದಿ ಉರಿಯುತ್ತಿತ್ತು. ಮುಖ ಮಾತ್ರ ಕೆಂಪಗೆ ಹೊಳೆಯುತ್ತಿತ್ತು. ನೋಡಿದವರೆಲ್ಲ "ಆರೋಗ್ಯ ಚಲೋ ಐತಿ ನಿಮ್ದು" ಅನ್ನುತ್ತಿದ್ದರು.

ಕೊನೆಗೆ ಯಾವುದೋ ಜ್ವರಕ್ಕೆ ಮಾಡಿಸಿದ ಸಿಬಿಸಿ, ಅಂದರೆ ರಕ್ತದ ಕಣ ಎಣಿಸುವ ಪರೀಕ್ಷೆಯ ರಿಪೋರ್ಟಿನಲ್ಲಿ ವಿಷಯ ಹೊರಬಿತ್ತು. ಹಿಮೊಗ್ಲೋಬಿನ್ 19ರ ಮೇಲೆ. ಪಿಸಿವಿ 58.

ಈ ಪಿಸಿವಿ ಏನು ಅಂತ ಮೊದಲು ತಿಳಿಯಬೇಕು, ಯಾಕೆಂದರೆ ಮುಂದಿನ ಲೆಕ್ಕವೆಲ್ಲ ಅದರ ಮೇಲೆಯೇ. ಕೆಲವು ರಿಪೋರ್ಟಿನಲ್ಲಿ ಹೆಮಟೋಕ್ರಿಟ್ ಅಂತ ಬರೆದಿರುತ್ತಾರೆ, ಎರಡೂ ಒಂದೇ. ನಿಮ್ಮ ರಕ್ತದ 100 ಭಾಗದಲ್ಲಿ ಕೆಂಪು ಕಣಗಳೇ ಎಷ್ಟು ಭಾಗ ಅನ್ನುವ ಅಳತೆ ಅದು. ಉಳಿದದ್ದು ಬಹುಪಾಲು ಪ್ಲಾಸ್ಮಾ, ಅಂದರೆ ನೀರಿನಂಥ ತಿಳಿ. ಗಂಡಸರಲ್ಲಿ ಇದು ಸಾಮಾನ್ಯವಾಗಿ 40ರಿಂದ 49ರ ಒಳಗೆ ಇರುತ್ತದೆ, ಹೆಂಗಸರಲ್ಲಿ ಇನ್ನೂ ಸ್ವಲ್ಪ ಕಡಿಮೆ. 58 ಅಂದರೆ ರಕ್ತದಲ್ಲಿ ಅರ್ಧಕ್ಕಿಂತ ಜಾಸ್ತಿ ಕಣಗಳೇ ತುಂಬಿಕೊಂಡಿವೆ ಅಂತ ಅರ್ಥ.

ಮುಧೋಳದ ಕಡೆ ಬೆಲ್ಲದ ಗಾಣ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುವಾಗ ಸರಸರ ಹರಿಯುತ್ತದೆ. ಅದೇ ಹಾಲು ಕುದ್ದು ಪಾಕವಾದ ಮೇಲೆ ಸೌಟಿನಿಂದ ಇಳಿಯಲು ತಡ ಮಾಡುತ್ತದೆ, ಅಂಚಿಗೆ ಅಂಟುತ್ತದೆ. ದಪ್ಪ ರಕ್ತವೂ ಹಾಗೆಯೇ. ಸಣ್ಣ ನರಗಳಲ್ಲಿ ನಿಧಾನವಾಗುತ್ತದೆ, ಹೆಪ್ಪುಗಟ್ಟುವ ಸಾಧ್ಯತೆ ಏರುತ್ತದೆ. ಹೆಪ್ಪು ಮೆದುಳಲ್ಲಿ ಆದರೆ ಲಕ್ವ, ಎದೆಯಲ್ಲಿ ಆದರೆ ಹಾರ್ಟ್ ಅಟ್ಯಾಕ್, ಕಾಲಲ್ಲಿ ಆದರೆ ಬಾವು. ಲಿವರಿನಿಂದ ಹೊರಡುವ ರಕ್ತನಾಳದಲ್ಲೂ ಆಗಬಹುದು. ತುರಿಕೆ, ಉರಿ ಇವೆಲ್ಲ ಸಣ್ಣ ಮಾತು. ಡಾಕ್ಟರಿಗೆ ಹೆದರಿಕೆ ಇರುವುದು ಈ ಹೆಪ್ಪಿನದು.

ಹಾಗಾದರೆ ಕೆಂಪು ಕಣ ಯಾಕೆ ಇಷ್ಟು ಹುಟ್ಟುತ್ತವೆ? ಕಣಗಳು ತಯಾರಾಗುವುದು ಮೂಳೆಯ ಮಜ್ಜೆಯಲ್ಲಿ. ಎಷ್ಟು ತಯಾರಿಸಬೇಕು ಅಂತ ಹೇಳಿ ಕಳಿಸುವುದು ಕಿಡ್ನಿ. ಮೈಗೆ ಆಕ್ಸಿಜನ್ ಸಾಲದಿದ್ದರೆ ಕಿಡ್ನಿ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ, ಮಜ್ಜೆ ಕೆಲಸ ಹೆಚ್ಚಿಸುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ, ಹಳೆಯ ದಮ್ಮಿನ ಕಾಯಿಲೆಯವರಲ್ಲಿ, ರಾತ್ರಿ ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವವರಲ್ಲಿ ಆಗುವುದು ಇದೇ. ಜಿಮ್ಮಿಗೆ ಹೋಗುವ ಕೆಲವು ಹುಡುಗರು ಯಾರದೋ ಮಾತು ಕೇಳಿ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುತ್ತಾರಲ್ಲ, ಅವರಲ್ಲೂ ರಕ್ತ ದಪ್ಪವಾಗುತ್ತದೆ. ಇಂಥವರಿಗೆ ಮೊದಲು ಬೇಕಾದದ್ದು ಮೂಲ ಕಾರಣಕ್ಕೆ ಮದ್ದು. ಬೀಡಿ ಬಿಡಬೇಕು, ಇಂಜೆಕ್ಷನ್ ನಿಲ್ಲಿಸಬೇಕು, ದಮ್ಮಿಗೆ ಚಿಕಿತ್ಸೆ ಆಗಬೇಕು. ರಕ್ತ ತೆಗೆಯುವ ಮಾತು ಬರುವುದು ಆಮೇಲೆ, ಅದೂ ಎಲ್ಲರಿಗೂ ಅಲ್ಲ. ಹುಟ್ಟಿನಿಂದಲೇ ಹೃದಯದ ತೊಂದರೆ ಇದ್ದು ತುಟಿ ನೀಲಿಯಾಗುವವರಲ್ಲಿ ಹೆಚ್ಚಿನ ಕಣಗಳು ಮೈಗೆ ಬೇಕಾಗಿಯೇ ಬಂದಿರುತ್ತವೆ. ಅಂಥವರಲ್ಲಿ ನಂಬರು ಜಾಸ್ತಿ ಇದೆ ಅಂತ ಸುಮ್ನೆ ರಕ್ತ ತೆಗೆದರೆ ಕೆಡುಕೇ ಆಗುತ್ತದೆ.

ಕಾಕಾನದು ಇನ್ನೊಂದು ಬಗೆ. ಹೆಸರು ಪಾಲಿಸೈಥೀಮಿಯಾ ವೆರಾ. ಇಲ್ಲಿ ಕಿಡ್ನಿ ಹೇಳಲಿ ಬಿಡಲಿ, ಮಜ್ಜೆ ತನ್ನಷ್ಟಕ್ಕೆ ಕಣ ಹುಟ್ಟಿಸುತ್ತಲೇ ಇರುತ್ತದೆ. ಮೋಟರಿನ ಸ್ವಿಚ್ಚು ಚಾಲೂ ಆದಲ್ಲೇ ಅಂಟಿಕೊಂಡ ಹಾಗೆ. ಆ ಸ್ವಿಚ್ಚು ಯಾವುದು ಅಂತ ಗೊತ್ತಾದದ್ದು 2005ರಲ್ಲಿ. ಜಾಕ್-2 ಎಂಬ ಜೀನಿನಲ್ಲಿ ಒಂದು ಸಣ್ಣ ಬದಲಾವಣೆ. ಈ ಕಾಯಿಲೆಯವರಲ್ಲಿ 100ಕ್ಕೆ 95ಕ್ಕಿಂತ ಹೆಚ್ಚು ಜನರಲ್ಲಿ ಜಾಕ್-2ರ ಬದಲಾವಣೆ ಸಿಗುತ್ತದೆ. ಇದು ಹುಟ್ಟಿದ ಮೇಲೆ ಮಜ್ಜೆಯ ಒಂದು ಕೋಶದಲ್ಲಿ ಆಗುವ ಬದಲಾವಣೆ. ಸಾಮಾನ್ಯವಾಗಿ ಅಪ್ಪನಿಂದ ಮಕ್ಕಳಿಗೆ ಹೋಗುವಂಥದ್ದಲ್ಲ. ಮುಟ್ಟಿದರೆ, ಜೊತೆಗೆ ಉಂಡರೆ ಅಂಟುವಂಥದ್ದಂತೂ ಅಲ್ಲವೇ ಅಲ್ಲ.

ಒಂದು ಕಷ್ಟದ ಮಾತೂ ಇದೆ, ಅದನ್ನು ಮುಚ್ಚಿಡಬಾರದು. ಪುಸ್ತಕದ ಪ್ರಕಾರ ಇದನ್ನು ರಕ್ತದ ಕ್ಯಾನ್ಸರುಗಳ ಸಾಲಿನಲ್ಲಿ ಸೇರಿಸಿದ್ದಾರೆ. ಡಾಕ್ಟರು ಆ ಪದ ಆಡಿದ ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಆದರೆ ಇದು ಬಹಳ ನಿಧಾನದ ಕಾಯಿಲೆ. ಸರಿಯಾಗಿ ಚಿಕಿತ್ಸೆ ತೆಗೆದುಕೊಂಡು ಹತ್ತು, ಇಪ್ಪತ್ತು ವರ್ಷ, ಅದಕ್ಕೂ ಹೆಚ್ಚು ದುಡಿದು ಬಾಳುವವರು ಇದ್ದಾರೆ. ಕೆಲವರಲ್ಲಿ ಮುಂದೆ ಮಜ್ಜೆ ಗಟ್ಟಿಯಾಗಬಹುದು, ಸ್ವಲ್ಪ ಜನರಲ್ಲಿ ಇನ್ನೂ ಜೋರಿನ ಕಾಯಿಲೆಯಾಗಿ ತಿರುಗಬಹುದು. ಅದಕ್ಕೇ ವರ್ಷಗಟ್ಟಲೆ ತೋರಿಸುತ್ತಾ ಇರಬೇಕು.

ರಕ್ತ ತೆಗೆಯುವ ಚಿಕಿತ್ಸೆಗೆ ಫ್ಲೆಬಾಟಮಿ ಅನ್ನುತ್ತಾರೆ. ಈ ಮಾತು ಕೇಳಿದ ಕೂಡಲೇ ಓಣಿಯ ಹಿರಿಯರೊಬ್ಬರು "ಅಷ್ಟಕ್ಕ ದವಾಖಾನಿ ಯಾಕ, ಜಿಗಳಿ ಹಚ್ಚಿಸು, ಕೊಂಬು ಇಡಿಸು" ಅಂದರು. ಹಿಜಾಮಾ ಮಾಡಿಸು ಅಂದವರೂ ಇದ್ದರು. ಅವರು ಹೇಳಿದ್ದು ಪ್ರೀತಿಯಿಂದಲೇ. ಆದರೂ ಇದು ಬೇರೆ, ಅದು ಬೇರೆ. ಹಿಂದೆ ಲೋಕದ ಹಲವು ಕಡೆ ಎಷ್ಟೋ ಕಾಯಿಲೆಗಳಿಗೆ 'ಕೆಟ್ಟ ರಕ್ತ' ಅಂತ ತೆಗೆಯುವ ರೂಢಿ ಇತ್ತು. 1799ರಲ್ಲಿ ಅಮೆರಿಕದ ಜಾರ್ಜ್ ವಾಷಿಂಗ್ಟನ್‌ಗೆ ಗಂಟಲು ಬಾವು ಬಂದಾಗ ಒಂದೇ ದಿನ ಮತ್ತೆ ಮತ್ತೆ ರಕ್ತ ತೆಗೆದರು, ಅವತ್ತೇ ರಾತ್ರಿ ಅವರು ತೀರಿಕೊಂಡರು. 1830ರ ದಶಕದಲ್ಲಿ ಪ್ಯಾರಿಸ್‌ನ ಡಾಕ್ಟರು ಪಿಯೆರ್ ಲೂಯಿ ರೋಗಿಗಳ ಲೆಕ್ಕ ಇಟ್ಟು ನೋಡಿ, ನ್ಯುಮೋನಿಯಾಗೆ ಇದರಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ ಅಂತ ತೋರಿಸಿದರು. ಆ ಪದ್ಧತಿ ಮೆಲ್ಲಗೆ ಹಿಂದೆ ಸರಿಯಿತು. ಉಳಿದದ್ದು ಕೆಲವೇ ಕಾಯಿಲೆಗಳಿಗೆ, ಅಳತೆ ಮಾಡಿ ತೆಗೆಯುವ ಪದ್ಧತಿ. ಕಾಕಾನ ರಕ್ತ ಕೆಟ್ಟಿಲ್ಲ, ಜಾಸ್ತಿ ಇದೆ ಅಷ್ಟೆ. ಜಿಗಳಿಯಾಗಲಿ ಕೊಂಬಾಗಲಿ ತೆಗೆಯುವ ರಕ್ತಕ್ಕೆ ಅಳತೆ ಇಲ್ಲ, ಪಿಸಿವಿ ಇಳಿಸಲು ಅದು ಸಾಲುವುದೂ ಇಲ್ಲ. ಸ್ವಚ್ಛವಿಲ್ಲದ ಬ್ಲೇಡು ಬಳಸಿದರೆ ಸೋಂಕು ಬೇರೆ.

ಇನ್ನು ರಕ್ತ ತೆಗೆಯುವ ದಿನ ಏನೇನು ಆಗುತ್ತದೆ ನೋಡೋಣ.

ಬರಿಹೊಟ್ಟೆಯಲ್ಲಿ ಹೋಗಬಾರದು. ನಾವು ಮೊದಲ ಸಲ ಹೋದಾಗ, ರಕ್ತ ಪರೀಕ್ಷೆ ಅಂದರೆ ಉಪವಾಸ ಅಂತ ತಿಳಿದು ಕಾಕಾ ಚಹಾ ಕೂಡ ಕುಡಿದಿರಲಿಲ್ಲ. ಸಿಸ್ಟರ್ ವಾಪಸ್ ಕ್ಯಾಂಟೀನಿಗೆ ಕಳಿಸಿ ಇಡ್ಲಿ ತಿನ್ನಿಸಿದರು. ಹಿಂದಿನ ದಿನದಿಂದಲೇ ನೀರು, ಮಜ್ಜಿಗೆ ಚೆನ್ನಾಗಿ ಕುಡಿದಿರಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ಇದು ಇನ್ನೂ ಮುಖ್ಯ. ಬೆವರಿ ಮೈ ಒಣಗಿದ್ದರೆ ಪ್ಲಾಸ್ಮಾ ಕಡಿಮೆಯಾಗಿ ಪಿಸಿವಿ ಇದ್ದುದಕ್ಕಿಂತ ಜಾಸ್ತಿ ತೋರಿಸುತ್ತದೆ. ನರ ಸಿಗುವುದೂ ಕಷ್ಟವಾಗುತ್ತದೆ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರು ಅಳತೆಯಲ್ಲಿ ಕುಡಿಯಿರಿ ಅಂತ ಹೇಳಿಸಿಕೊಂಡವರು ಮಾತ್ರ ತಮ್ಮ ಡಾಕ್ಟರನ್ನು ಕೇಳಿಯೇ ಕುಡಿಯಬೇಕು. ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ತಾವಾಗಿ ನಿಲ್ಲಿಸಬಾರದು, ಮೊದಲೇ ತಿಳಿಸಬೇಕು.

ಡಾಕ್ಟರ ಚೀಟಿ ಬೇಕು. ಯಾವ ಕಾಯಿಲೆ, ಎಷ್ಟು ಎಂಎಲ್ ತೆಗೆಯಬೇಕು, ಪಿಸಿವಿ ಎಷ್ಟಕ್ಕೆ ಇಳಿಯಬೇಕು ಅಂತ ಅದರಲ್ಲಿ ಬರೆದಿರುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ಬ್ಲಡ್ ಬ್ಯಾಂಕುಗಳಿವೆ. ಈಗ ಕೆಲವು ಕಡೆ ಬೋರ್ಡಿನ ಮೇಲೆ ಬ್ಲಡ್ ಸೆಂಟರ್ ಅಂತ ಇರುತ್ತದೆ. ಹೋಗುವ ಮುಂಚೆ ಫೋನ್ ಮಾಡಿ "ಥೆರಪ್ಯೂಟಿಕ್ ಫ್ಲೆಬಾಟಮಿ ಮಾಡ್ತೀರೇನ್ರೀ, ಯಾವ ಹೊತ್ತಿಗೆ ಬರಬೇಕು" ಅಂತ ಕೇಳಿಕೊಂಡರೆ ಸುಮ್ಮನೆ ಕಾಯುವುದು ತಪ್ಪುತ್ತದೆ. ಅಲ್ಲಿ ಬಿಪಿ, ನಾಡಿ, ತೂಕ ನೋಡುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಇರುತ್ತದೆ.

ಆಮೇಲೆ ಮಂಚದಂಥ ಕುರ್ಚಿಯ ಮೇಲೆ ಮಲಗಿಸುತ್ತಾರೆ. ಯಾವ ಕೈ ಅಂತ ಕೇಳಿದರು. ಕಾಕಾ ಎಡಗೈ ಚಾಚಿದ. ಬಲಗೈ ಮಗ್ಗದಲ್ಲಿ ಲಾಳಿಯ ಹಗ್ಗ ಎಳೆಯುವ ಕೈ. ತೋಳಿಗೆ ಪಟ್ಟಿ ಬಿಗಿದು, ಮೊಣಕೈ ಮಡಿಕೆಯಲ್ಲಿ ನರ ಹುಡುಕಿ, ಸ್ಪಿರಿಟ್‌ನಲ್ಲಿ ಒರೆಸಿದರು. ಸೂಜಿ ದಪ್ಪ ಇರುತ್ತದೆ, ಸಾಮಾನ್ಯವಾಗಿ 16 ಗೇಜ್. ಇರುವೆ ಕಚ್ಚಿದ ಹಾಗೆ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಜಾಸ್ತಿಯೇ ನೋಯುತ್ತದೆ ಅಂತ ಮೊದಲೇ ಹೇಳಿಬಿಡುವುದು ಒಳ್ಳೆಯದು. ಎರಡು ಮೂರು ಕ್ಷಣ ಚುರ್ ಅನ್ನುತ್ತದೆ, ಆಮೇಲೆ ಇಲ್ಲ. ಕೈಯಲ್ಲಿ ಮೆತ್ತನೆಯ ಚೆಂಡು ಕೊಟ್ಟು ಅಮುಕಿ ಬಿಡಿ ಅಂದರು. ಕಾಕಾ ಕಣ್ಣು ಮುಚ್ಚಿಕೊಂಡು ಮಗ್ಗದ ಲಯದಲ್ಲೇ ಅಮುಕತೊಡಗಿದ. ಕೆಳಗೆ ಸಣ್ಣ ತಕ್ಕಡಿ ಚೀಲವನ್ನು ತೊಟ್ಟಿಲಂತೆ ತೂಗುತ್ತಿತ್ತು. ಕೊಳವೆಯಲ್ಲಿ ಇಳಿಯುವ ರಕ್ತ ಕಪ್ಪು ಕೆಂಪು. ನಾನು ಹಿಂದೆ ರಕ್ತದಾನ ಮಾಡಿದವನು, ಅಷ್ಟು ನಿಧಾನ ಇಳಿಯುವುದನ್ನು ಕಂಡಿರಲಿಲ್ಲ. ರಕ್ತ ದಪ್ಪ ಇದ್ದರೆ ಹೀಗೆಯೇ. ಕೆಲವೊಮ್ಮೆ ಸೂಜಿಯಲ್ಲೇ ಹೆಪ್ಪುಗಟ್ಟಿ ನಿಂತುಬಿಡುವುದೂ ಉಂಟು. ಆಗ ಮತ್ತೊಂದು ಕೈಗೆ ಚುಚ್ಚಬೇಕಾಗಬಹುದು.

ಸಾಮಾನ್ಯವಾಗಿ ಒಂದು ಸಲಕ್ಕೆ 350 ಅಥವಾ 450 ಎಂಎಲ್ ತೆಗೆಯುತ್ತಾರೆ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ ಅಂತ ಹಿಡಿದರೆ, ಇದು ಹತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆಯೇ. ವಯಸ್ಸಾದವರಿಗೆ, ತೂಕ ಕಡಿಮೆ ಇದ್ದವರಿಗೆ, ಹೃದಯದ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ ತೆಗೆದು, ಬೇಕಾದರೆ ಸಲೈನ್ ಹಾಕುತ್ತಾರೆ. ರಕ್ತ ಇಳಿಯಲು ಹತ್ತು ಹದಿನೈದು ನಿಮಿಷ. ಹೋಗಿ ಬಂದು ಕೂತೆದ್ದು ಎಲ್ಲ ಸೇರಿ ಒಂದು ತಾಸು ಇಟ್ಟುಕೊಳ್ಳಿ. ಸೂಜಿ ತೆಗೆದ ಮೇಲೆ ಹತ್ತಿ ಇಟ್ಟು ಕೈ ನೇರ ಮಾಡಿ ಐದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಮೊಣಕೈ ಮಡಚಿ ಹಿಡಿಯುವ ಅಭ್ಯಾಸ ಬಹಳ ಜನಕ್ಕೆ ಇದೆ, ಹಾಗೆ ಮಾಡಿದರೆ ಒಳಗೇ ರಕ್ತ ಜಿನುಗಿ ನೀಲಿ ಕಲೆಯಾಗುತ್ತದೆ.

ತಕ್ಷಣ ಏಳಬಾರದು. ಕಾಕಾ ಎರಡನೇ ಸಲಕ್ಕೇ ಧೈರ್ಯ ಬಂದು, ಬಸ್ಸು ತಪ್ಪುತ್ತದೆ ಅಂತ ಎದ್ದು ನಿಂತ. ಎರಡು ಹೆಜ್ಜೆಗೆ ಆಕಳಿಕೆ ಬಂತು, ಹಣೆಯಲ್ಲಿ ತಣ್ಣನೆ ಬೆವರು, ಮುಖ ಬಿಳುಚಿತು. "ಕಣ್ಣಿಗೆ ಕತ್ತಲಿ ಬಂತಲೇ ತಮ್ಮಾ" ಅಂತ ನನ್ನ ಭುಜ ಹಿಡಿದ. ಸಿಸ್ಟರ್ ಓಡಿ ಬಂದು ಮಲಗಿಸಿ, ಕಾಲ ಕೆಳಗೆ ದಿಂಬು ಇಟ್ಟು ಎತ್ತರಿಸಿದರು. ಐದೇ ನಿಮಿಷದಲ್ಲಿ ಸರಿಹೋದ. ಆಕಳಿಕೆ, ಬೆವರು, ಕಿವಿಯಲ್ಲಿ ಗುಂಯ್ ಅನ್ನುವುದು ಇವೆಲ್ಲ ತಲೆಸುತ್ತು ಬರುವ ಮುನ್ಸೂಚನೆ. ಹಾಗೆ ಅನಿಸಿದ ಕೂಡಲೇ ಇದ್ದಲ್ಲೇ ಮಲಗಿಬಿಡಬೇಕು, ನಾಚಿಕೆ ಬೇಡ. ರಕ್ತ ತೆಗೆದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಮಲಗಿ, ಶರಬತ್ತೋ ಓಆರ್‌ಎಸ್ಸೋ ಕುಡಿದು, ಬಿಸ್ಕೀಟು ತಿಂದು ಮೆಲ್ಲಗೆ ಏಳಿ. ಜೊತೆಗೆ ಒಬ್ಬರು ಇರಲಿ. ತಾವೇ ಬೈಕ್ ಓಡಿಸಿಕೊಂಡು ಊರಿಗೆ ಹೋಗುವುದು ಬೇಡ. ಅವತ್ತು ಕೊಡ ಎತ್ತುವುದು, ಏಣಿ ಹತ್ತುವುದು, ಬಿಸಿಲಲ್ಲಿ ಹೊಲದ ಕೆಲಸ ಬೇಡ. ಕಾಕಾ ಅವತ್ತೊಂದು ದಿನ ಮಗ್ಗಕ್ಕೆ ಇಳಿಯುವುದಿಲ್ಲ.

ಸೂಜಿ ಚುಚ್ಚಿದ ಕಡೆ ನೀಲಿ ಕಲೆಯಾದರೆ ವಾರ ಹತ್ತು ದಿನದಲ್ಲಿ ಹೋಗುತ್ತದೆ. ಕೈ ಬಾತರೆ, ಬೆರಳಿನ ತನಕ ಕರೆಂಟು ಹೊಡೆದ ಹಾಗೆ ಜುಮ್ ಅನ್ನುತ್ತಲೇ ಇದ್ದರೆ, ರಕ್ತ ನಿಲ್ಲದಿದ್ದರೆ ವಾಪಸ್ ಹೋಗಿ ತೋರಿಸಬೇಕು. ಎದೆನೋವು, ಮಾತು ತೊದಲುವುದು, ಒಂದು ಕಡೆ ಕೈಕಾಲು ಬಲ ಹೋಗುವುದು, ಒಂದೇ ಕಾಲು ಬಾತು ನೋಯುವುದು ಇವು ಮೂಲ ಕಾಯಿಲೆಯ ಹೆಪ್ಪಿನ ಲಕ್ಷಣ ಆಗಿರಬಹುದು. ಯಾವ ದಿನ ಬಂದರೂ ಅದು ತುರ್ತು, ಆಸ್ಪತ್ರೆಗೆ ಓಡಬೇಕು. 108ಕ್ಕೆ ಫೋನ್ ಮಾಡಿ.

ಚಿಗವ್ವನ ಎರಡನೇ ಪ್ರಶ್ನೆ: "ಆ ರಕ್ತ ಯಾರಿಗಾದ್ರೂ ಕೊಡಬಾರದೇನ್ರೀ? ಎಷ್ಟೋ ಮಂದಿಗೆ ಬೇಕಿರ್ತೈತಿ." ನನ್ನ ಮನಸ್ಸಿನಲ್ಲೂ ಅದೇ ಇತ್ತು. ಕೊಡುವ ಹಾಗಿಲ್ಲ. ಪಾಲಿಸೈಥೀಮಿಯಾ ವೆರಾ ಮಜ್ಜೆಯ ಕಾಯಿಲೆ, ಆ ರಕ್ತವನ್ನು ಬೇರೆಯವರಿಗೆ ಹಾಕುವುದಿಲ್ಲ. ಚೀಲ ಹಳದಿ ಬಣ್ಣದ ತ್ಯಾಜ್ಯದ ಡಬ್ಬಿಗೆ ಹೋಗುತ್ತದೆ. ಅಮೆರಿಕ, ಆಸ್ಟ್ರೇಲಿಯಾದಂಥ ಕಡೆ ಕಬ್ಬಿಣಾಂಶ ಜಾಸ್ತಿಯಾಗುವ ಹಿಮೊಕ್ರೊಮಟೋಸಿಸ್ ಎಂಬ ಕಾಯಿಲೆಯವರ ರಕ್ತವನ್ನು, ಬೇರೆಲ್ಲ ಸರಿಯಿದ್ದರೆ, ದಾನವಾಗಿ ತೆಗೆದುಕೊಳ್ಳುವ ವ್ಯವಸ್ಥೆ ಇದೆ.

ಆ ಹಿಮೊಕ್ರೊಮಟೋಸಿಸ್‌ಗೂ ರಕ್ತ ತೆಗೆಯುವುದೇ ಮದ್ದು. ನಮ್ಮ ಮೈಗೆ ಹೆಚ್ಚಿನ ಕಬ್ಬಿಣವನ್ನು ಹೊರಹಾಕುವ ದಾರಿ ಇಲ್ಲ. ಅದು ಲಿವರು, ಹೃದಯದಲ್ಲಿ ಕೂತು ಹಾಳು ಮಾಡುತ್ತದೆ. ಒಂದು ಚೀಲ ರಕ್ತ ತೆಗೆದರೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಹೊರಗೆ ಹೋಗುತ್ತದೆ. ಯುರೋಪಿನ ಕಡೆ ಸಾಮಾನ್ಯವಾದ ಈ ವಂಶದ ಕಾಯಿಲೆ ನಮ್ಮಲ್ಲಿ ಅಪರೂಪ. ರಿಪೋರ್ಟಿನಲ್ಲಿ ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ, ಜಾಸ್ತಿ ಬಂತು ಅಂತ ಗಾಬರಿಯಾಗಬೇಡಿ. ಜ್ವರ, ಲಿವರಿನ ಕೊಬ್ಬು, ಕುಡಿತ ಇವುಗಳಿಂದಲೂ ಫೆರಿಟಿನ್ ಏರುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇಲ್ಲಿ ನಮ್ಮ ಮನೆಯವರೆಲ್ಲ ಎಡವಿದ್ದೆವು.

ಮೊದಲ ಮೂರು ಸಲ ರಕ್ತ ತೆಗೆಸಿ ಪಿಸಿವಿ 50ರ ಹತ್ತಿರ ಬಂದಿತ್ತು. ನಾಲ್ಕನೇ ಸಲ ಮತ್ತೆ ಏರಿತ್ತು. ಡಾಕ್ಟರು ಕೇಳಿದಾಗ ಚಿಗವ್ವ ತನ್ನ ಚೀಲದಿಂದ ಬಾಟಲಿ ತೆಗೆದು ತೋರಿಸಿದಳು. ರಕ್ತ ಹೋಗಿದೆಯಲ್ಲ ಅಂತ ಔಷಧಿ ಅಂಗಡಿಯಿಂದ ಕಬ್ಬಿಣದ ಟಾನಿಕ್ ತಂದು ದಿನಾ ಎರಡು ಹೊತ್ತು ಕುಡಿಸಿದ್ದಳು. ಡಾಕ್ಟರು ಬೈಯಲಿಲ್ಲ. ಒಂದು ಹಾಳೆಯ ಮೇಲೆ ಚಿತ್ರ ಬರೆದು ಹೇಳಿದರು. ರಕ್ತದ ಜೊತೆ ಕಬ್ಬಿಣವೂ ಹೊರಗೆ ಹೋಗುತ್ತದೆ. ಕಬ್ಬಿಣ ಇಲ್ಲದಿದ್ದರೆ ಮಜ್ಜೆ ಎಷ್ಟೇ ಅವಸರ ಮಾಡಿದರೂ ಕಣ ಕಟ್ಟಲಾಗದು. ನೂಲು ಮುಗಿದ ಮಗ್ಗದ ಹಾಗೆ. ಪಾಲಿಸೈಥೀಮಿಯಾದಲ್ಲಿ ಈ ಕಬ್ಬಿಣದ ಕೊರತೆಯೇ ಮಜ್ಜೆಗೆ ಹಾಕುವ ಬ್ರೇಕು. ಟಾನಿಕ್ ಕುಡಿಸಿದರೆ ಬ್ರೇಕು ಬಿಟ್ಟ ಹಾಗೆ, ಕೆಲವೇ ವಾರದಲ್ಲಿ ರಕ್ತ ಮತ್ತೆ ದಪ್ಪ.

ಆದ್ದರಿಂದ ರಿಪೋರ್ಟಿನಲ್ಲಿ ಫೆರಿಟಿನ್ ಕಡಿಮೆ, ಎಂಸಿವಿ (ಕೆಂಪು ಕಣದ ಗಾತ್ರ) ಕಡಿಮೆ ಅಂತ ಬಂದರೆ, ಕೆಂಪು ಅಕ್ಷರ ನೋಡಿ ಯಾರೋ ಕಬ್ಬಿಣದ ಮಾತ್ರೆ ಬರೆದರೂ, ಮೊದಲು ನಿಮ್ಮ ರಕ್ತದ ಕಾಯಿಲೆ ನೋಡುವ ಡಾಕ್ಟರನ್ನು ಕೇಳಿ. ಊಟದಲ್ಲಿ ಮಾತ್ರ ಏನೂ ಬಿಡಬೇಕಾಗಿಲ್ಲ. ರೊಟ್ಟಿ, ಸೊಪ್ಪಿನ ಪಲ್ಲೆ, ಕಾಳು, ಶೇಂಗಾ ಹಿಂಡಿ ಎಲ್ಲ ಉಣ್ಣಬಹುದು. ಕಬ್ಬಿಣ ಕಡಿಮೆಯಾದಾಗ ಸುಸ್ತು, ತಲೆಯಲ್ಲಿ ಮಬ್ಬು, ಕೆಲವರಿಗೆ ಮಂಜುಗಡ್ಡೆ ಅಗಿಯುವ ಆಸೆ ಬರುತ್ತದೆ. ಇದು ತೀರಾ ಜಾಸ್ತಿಯಾದರೆ ಹೇಳಿಕೊಳ್ಳಿ. ಡಾಕ್ಟರು ರಕ್ತ ತೆಗೆಯುವುದನ್ನು ಕಡಿಮೆ ಮಾಡಿ, ಮಜ್ಜೆಯ ವೇಗ ತಗ್ಗಿಸುವ ಮಾತ್ರೆಗೆ ಬದಲಿಸಬಹುದು.

ಗುರಿ ಎಷ್ಟು? ಪಿಸಿವಿ 45ಕ್ಕಿಂತ ಕೆಳಗೆ. ಈ ನಂಬರು ಅಂದಾಜಿನದಲ್ಲ. ಇಟಲಿಯ ಡಾಕ್ಟರುಗಳು 365 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು 45ರ ಕೆಳಗೆ, ಇನ್ನೊಂದನ್ನು 45ರಿಂದ 50ರ ನಡುವೆ ಇಟ್ಟು ನೋಡಿದರು. 2013ರಲ್ಲಿ ಫಲಿತಾಂಶ ಬಂತು. ಮೊದಲ ಗುಂಪಿನಲ್ಲಿ 5 ಜನಕ್ಕೆ ದೊಡ್ಡ ಹೆಪ್ಪಿನ ತೊಂದರೆ ಅಥವಾ ಹೃದಯ, ರಕ್ತನಾಳದ ಕಾರಣಕ್ಕೆ ಸಾವು. ಎರಡನೇ ಗುಂಪಿನಲ್ಲಿ 18 ಜನಕ್ಕೆ. "48 ಅಂದ್ರ ಅಷ್ಟೇನ್ ಜಾಸ್ತಿ ಅಲ್ಲಲ್ಲ, ಈ ಸಲ ಬಿಡೋಣು" ಅಂತ ಕಾಕಾ ಹೇಳಿದಾಗಲೆಲ್ಲ ನಾನು ಈ ಎರಡು ನಂಬರು ನೆನಪಿಸುತ್ತೇನೆ.

ಒಂದು ಚೀಲಕ್ಕೆ ಪಿಸಿವಿ ಸುಮಾರು 3ರಷ್ಟು ಇಳಿಯುತ್ತದೆ. ಹಾಗಾಗಿ ಮೊದಲ ತಿಂಗಳುಗಳಲ್ಲಿ ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ ಹೋಗಬೇಕಾಗಬಹುದು. ಗುರಿ ಮುಟ್ಟಿದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ. ಇದರ ಜೊತೆ ಹೆಚ್ಚಿನವರಿಗೆ ಕಡಿಮೆ ಡೋಸಿನ ಆಸ್ಪಿರಿನ್ ಕೊಡುತ್ತಾರೆ. 60 ದಾಟಿದವರಿಗೆ, ಒಮ್ಮೆ ಹೆಪ್ಪು ಆಗಿಹೋದವರಿಗೆ ರಕ್ತ ತೆಗೆಯುವುದೊಂದೇ ಸಾಲದು. ಮಜ್ಜೆಯ ವೇಗ ತಗ್ಗಿಸುವ ಹೈಡ್ರಾಕ್ಸಿಯೂರಿಯಾದಂಥ ಮಾತ್ರೆ ಸೇರಿಸುತ್ತಾರೆ. ರಕ್ತ ತೆಗೆದರೆ ಕೆಂಪು ಕಣ ಇಳಿಯುತ್ತದೆ, ಬಿಳಿ ಕಣ, ಪ್ಲೇಟ್‌ಲೆಟ್ ಏರುವುದು ನಿಲ್ಲುವುದಿಲ್ಲ. ಸ್ನಾನದ ನಂತರದ ತುರಿಕೆಯೂ ಎಲ್ಲರಿಗೂ ಹೋಗುವುದಿಲ್ಲ. ಕಾಕಾನಿಗೆ ಅರ್ಧ ಕಡಿಮೆಯಾಗಿದೆ. ನೀರು ಉಗುರುಬೆಚ್ಚಗೆ ಮಾಡಿಕೊಂಡಿದ್ದಾನೆ, ಮೈ ಉಜ್ಜದೆ ಟವೆಲ್ಲಿನಿಂದ ಒತ್ತಿ ಒರೆಸಿಕೊಳ್ಳುತ್ತಾನೆ.

ಖಣದ ಆರ್ಡರು ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಕಾಕಾ ಈಗ ಗೆರೆ ಎಳೆದು ಲೆಕ್ಕ ಇಟ್ಟಿದ್ದಾನೆ. ತಾರೀಖು, ಪಿಸಿವಿ, ಎಷ್ಟು ಎಂಎಲ್, ಯಾವ ಕೈ. ಬೇರೆ ಊರಿನಲ್ಲಿ ಬೇರೆ ಡಾಕ್ಟರಿಗೆ ತೋರಿಸಬೇಕಾಗಿ ಬಂದಾಗ ಆ ಹಾಳೆಯೊಂದೇ ಸಾಕಾಯಿತು. ಕೊನೆಯ ಸಾಲಿನಲ್ಲಿ 44 ಅಂತಿದೆ. ಅದರ ಪಕ್ಕ ಚಿಗವ್ವನ ಅಕ್ಷರದಲ್ಲಿ, "ಟಾನಿಕ್ ಇಲ್ಲ."